ಮಂಗಳವಾರದ ಮೀನು

ಆಪಾಮ್
ಸೆಪ್ಟೆಂಬರ್ ೯

ನನ್ನ ಮುದ್ದಿನ ಅರಬಾ,

ನೀನು ಪಾಸಾದೆ, ಅದೂ ತರಗತಿಗೇ ಮೊದಲಿಗಳಾಗಿ! ಪತ್ರ ನಿನ್ನೆ ಕೈಸೇರಿತು. ಓದಿದೆ, ಮತ್ತೆ ಓದಿದೆ. ಮೂರನೆಯ ಸಲ ಮೀನಿನ ಒಲೆಗಳ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದೆ, ಯಾರಿಗೂ ಕೇಳಿಸಲಿಲ್ಲ ಅಂತಾಗಬಾರದಲ್ಲ. “ಕೈಗಾರಿಕಾ ವಿನ್ಯಾಸ ಮತ್ತು ಚಿತ್ರರಚನೆ” ಅನ್ನುವಲ್ಲಿ ಮಾತ್ರ ನಾಲಿಗೆ ತೊಡರಿತು. ಪಕ್ಕದ ಒಲೆಯ ಅಜೋವಾ ಸುಮ್ಮನಿರುತ್ತಾಳೆಯೇ? “ಅವ್ಳು ನಾಕು ವರ್ಷ ಅದನ್ನ ಓದಿದ್ದಾಳೆ, ನಿಂಗೆ ಒಂದ್ಸಲ ಹೇಳೋಕೂ ಬರಲ್ವಲ್ಲೇ ಎಫುವಾ” ಅಂದಳು. ನಿನ್ನೆ ಯಾರು ಏನಂದರೂ ನನಗೆ ನಗುವೇ ಬರುತ್ತಿತ್ತು.

ಆದರೆ ನಿನ್ನ ಪತ್ರದಲ್ಲಿ ಒಂದು ತಪ್ಪಿದೆ. ಪರೀಕ್ಷೆಯ ದಿನ ಮೀನು ಸಿಕ್ಕಿದ್ದು ನಿನ್ನ ಅದೃಷ್ಟ ಎಂದು ಬರೆದಿದ್ದೀಯ. ಅದೃಷ್ಟವಂತೆ, ಅದೃಷ್ಟ! ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಮೀನು ಹೊಗೆಯಾಡಿಸುವ ಒಲೆಯನ್ನು ನೀನು ಹೊಸದಾಗಿ ಮಾಡಿದೆ. ಅದನ್ನು ಇಲ್ಲಿನ ಒಲೆಯ ಹೆಂಗಸರೇ ಹಸಿ ಮೀನು ಹಾಕಿ ಬಳಸಿ ತೋರಿಸಬೇಕು, ನೀನು ಓದುವ ಕುಮಾಸಿಯಿಂದ ಮೂವರು ಪರೀಕ್ಷಕರು ಬಂದು ನೋಡಬೇಕು. ಅವತ್ತು ಕೆಟ್ಟರೆ ಇನ್ನೊಂದು ವರ್ಷ ಕಾಯಬೇಕು, ಆ ವರ್ಷಕ್ಕೆ ನಿನ್ನ ವಿದ್ಯಾರ್ಥಿವೇತನ ಇಲ್ಲ. ಅಂದರೆ ಓದು ಅಲ್ಲಿಗೇ ಮುಗಿದ ಹಾಗೆ. ಇಷ್ಟು ದೊಡ್ಡ ಕೆಲಸಕ್ಕೆ ನೀನು ಗೊತ್ತು ಮಾಡಿದ ದಿನ ಯಾವುದು? ಮಂಗಳವಾರ! ಮಂಗಳವಾರ ದೋಣಿ ಇಳಿಸುವ ಗಂಡಸು ಈ ದಡದಲ್ಲಿ ಇನ್ನೂ ಹುಟ್ಟಿಲ್ಲ. ಅದು ಸಮುದ್ರಕ್ಕೆ ಬಿಟ್ಟ ದಿನ, ಬಲೆ ಹೊಲಿಯುವ ದಿನ. ಕಾಡಿನ ಸೀಮೆಯ ಹುಡುಗಿ ಮರೆತರೆ ಕ್ಷಮಿಸಬಹುದು. ಮಂಗಳವಾರ ಹುಟ್ಟಿ, ಆ ದಿನದ ಹೆಸರನ್ನೇ ಇಟ್ಟುಕೊಂಡು ಓಡಾಡುವ ನೀನು ಮರೆಯುವುದೇ? ಕುಮಾಸಿಯ ಫುಫು ಮುದ್ದೆ ತಿಂದು ತಿಂದು ಸಮುದ್ರವೇ ತಲೆಯಿಂದ ಇಳಿದುಹೋಗಿತ್ತು ನಿನಗೆ.

ಸೋಮವಾರ ಬೆಳಿಗ್ಗೆ ಮೀನು ತೊಳೆಯುತ್ತಿದ್ದಾಗ ನನಗೆ ಇದು ಥಟ್ಟನೆ ಹೊಳೆಯಿತು. ನೀನು ಮನೆಯ ಹಿತ್ತಲಿನಲ್ಲಿ ಕೂತು ಒಲೆಯ ಬಿರುಕಿಗೆ ಜೇಡಿಮಣ್ಣು ಮೆತ್ತುತ್ತಿದ್ದೆ, ಮೂಗಿನ ಮೇಲೂ ಮಣ್ಣು. ಹೇಳಿದರೆ ಅಲ್ಲೇ ಕುಸಿಯುತ್ತೀಯ ಅನ್ನಿಸಿ ಹೇಳಲಿಲ್ಲ. ಸೀದಾ ಒಲೆಗಳ ಅಂಗಳದಲ್ಲಿದ್ದ ಅಜೋವಾಳ ಬಳಿ ಹೋಗಿ, ಇವತ್ತಿನ ಮೀನಿನಲ್ಲಿ ಒಂದು ಬೋಗುಣಿ ಹಸಿಯಾಗಿಯೇ ಇಡು, ನಾಳೆಗೆ ಬೇಕು ಅಂದೆ. ಉಳಿದವರೂ ಸುತ್ತ ಸೇರಿದರು. ಹೆರಿಂಗ್ ಮೀನು ರಾಶಿ ಬೀಳುವ ಕಾಲ, ಒಂದು ದಿನ ಇಟ್ಟರೆ ಮೆತ್ತಗಾಗಿ ಹೊಟ್ಟೆ ಒಡೆಯುತ್ತದೆ ಎಂದು ಯಾರಿಗೆ ಗೊತ್ತಿಲ್ಲ? “ನಮ್ಮಜ್ಜಿ ಪೆನ್ಸಿಲ್ ಮುಟ್ದೇನೇ ಒಲೆ ಕಟ್ಟಿದ್ಲು. ನಿನ್ ಮಗಳ ಚಿತ್ರಕ್ಕೆ ನನ್ ಮೀನು ಯಾಕೆ ಕೊಳೀಬೇಕು?” ಅಂದಳು ಅಜೋವಾ.

ನಾನು ಜಗಳವಾಡಲಿಲ್ಲ. ಮನೆಗೆ ಹೋಗಿ ನಿನ್ನ ಗಂಟಿನಿಂದ ಆ ಹದಿನೆಂಟು ಹಾಳೆಗಳನ್ನು ತಂದೆ, ಓದು ಬಾರದವರಿಗೂ ಒಲೆಯ ಬಳಕೆ ತಿಳಿಯಲಿ ಎಂದು ನೀನು ಬರೀ ಚಿತ್ರಗಳಲ್ಲೇ ಬರೆದದ್ದು. ಬೋರಲು ಹಾಕಿದ ಬೋಗುಣಿಗಳ ಮೇಲೆ ಹರಡಿದೆ. ಐದನೆಯ ಹಾಳೆಯ ಮುಂದೆ ನಿಂತು ಅಜೋವಾ ಕೇಳಿದಳು: “ಇದ್ಯಾರದೇ ಈ ಸೊಂಟ?” “ಅಷ್ಟು ಜಾಗ ಹಿಡಿಯೋದು ಇನ್ಯಾರದೇ, ನಿಂದೇ!” ಅಂದೆ. ಅಯ್ಯೋ ಆ ನಗುವೇ! ಒಬ್ಬೊಬ್ಬರೂ ತಮ್ಮನ್ನು ಹುಡುಕತೊಡಗಿದರು. ಯಾರು ಎಡ ಮೊಣಕಾಲು ಮಡಚಿ ಕೂರುತ್ತಾರೆ, ಯಾರು ಬಟ್ಟೆಯ ಚುಂಗಿನಿಂದ ತಟ್ಟೆ ಹಿಡಿಯುತ್ತಾರೆ, ಒಂದನ್ನೂ ಬಿಟ್ಟಿಲ್ಲ ನೀನು. ಐದು ಬೋಗುಣಿ ಮೀನು ಬಂತು. ಐಸು ತಂದು ನಮ್ಮ ಕೆಟ್ಟ ಫ್ರಿಜ್ಜಿನಲ್ಲಿ ತುಂಬಿದೆವು. ನಿನಗೆ ಹೇಳಬಾರದೆಂದು ಎಲ್ಲರಿಂದಲೂ ಮಾತು ತೆಗೆದುಕೊಂಡೆ.

ಮಂಗಳವಾರ ಬೆಳಿಗ್ಗೆ ದೋಣಿಗಳೆಲ್ಲ ಮರಳಿನ ಮೇಲಿದ್ದದ್ದನ್ನು ಕಂಡು ನೀನು ನನ್ನ ಹತ್ತಿರ ಓಡಿ ಬಂದೆ. “ಅಮ್ಮಾ, ಇವತ್ತು ಮಂಗಳವಾರ!” ಅಂದೆ. “ಹೂಂ, ನಿನ್ನೆ ಸೋಮವಾರ ಇತ್ತಲ್ಲ” ಅಂದೆ ನಾನು. ಫ್ರಿಜ್ಜು ತೆರೆದು ತೋರಿಸಿ, ಯಾರದೋ ಮನೆಯಲ್ಲಿ ಉಳಿದಿತ್ತಂತೆ ಎಂದು ಬಾಯಿಗೆ ಬಂದದ್ದು ಹೇಳಿದೆ. ನೀನು ನಂಬಿದೆ, ಪೆದ್ದಿ.

ಆಮೇಲಿನದು ನೀನೇ ಕಂಡದ್ದು. ಆದರೆ ನಾನು ಕಂಡ ಹಾಗೆ ನೀನು ಕಂಡಿಲ್ಲ. ಟೈ ಕಟ್ಟಿದ ಆ ಪರೀಕ್ಷಕರು, ಇವತ್ತು ಸಮುದ್ರಕ್ಕೆ ರಜೆ ಅಲ್ಲವೇ ಎಂದು ಕೇಳಿದಾಗ ನೀನು ನನ್ನ ಕಡೆ ತಿರುಗಿದೆ. ಅಜೋವಾಳೇ “ಸಮುದ್ರಕ್ಕೆ ರಜೆ ಸ್ವಾಮಿ, ನಮಗ್ಯಾರು ಕೊಟ್ರು?” ಎಂದು ಅವರ ಬಾಯಿ ಮುಚ್ಚಿಸಿದಳು. ಮೀನು ಹರಡಿದ ಜಾಲರಿ ತಟ್ಟೆಯ ಮೇಲೆ ಇನ್ನೊಂದನ್ನು ಕವುಚಿ, ಕೊಕ್ಕೆ ಸಿಕ್ಕಿಸಿ, ಎರಡನ್ನೂ ಸೇರಿಸಿ ಮಗುಚಿದಳು. ಅರವತ್ತು ಮೀನು ಒಂದೇ ಸಲಕ್ಕೆ ತಿರುಗಿ ಬಿದ್ದವು, ಒಂದರ ಬಾಲವೂ ಮುರಿಯಲಿಲ್ಲ. ಮೂವತ್ತು ವರ್ಷ ಒಂದೊಂದನ್ನೇ ಬೆರಳಿನಲ್ಲಿ ಮಗುಚಿ ಬೆರಳ ತುದಿ ಸುಟ್ಟುಕೊಂಡವಳು ನಾನು. ನೀನು ಹೊಗೆಯನ್ನು ಮೇಲಿನ ಕೊಳವೆಗೆ ತಿರುಗಿಸಿದ್ದರಿಂದ ಅವತ್ತು ನನಗೆ ಕಣ್ಣೊರೆಸಿಕೊಳ್ಳುವ ಕೆಲಸವೂ ಇರಲಿಲ್ಲ. ಆದರೂ ಒರೆಸಿಕೊಂಡೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಇದನ್ನು ಮಾಡಿದಳಲ್ಲ ಎಂಬ ಹೆಮ್ಮೆ ಎದೆಯಲ್ಲಿ ಹಿಡಿಸಲಿಲ್ಲ ಮಗಳೇ.

ಆದ್ದರಿಂದ ಅದೃಷ್ಟ ಅನ್ನಬೇಡ. ಆ ಮೀನನ್ನು ತಂದದ್ದು ನಿನ್ನ ಹದಿನೆಂಟು ಹಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ಕತ್ತರಿ ತಗುಲಿದೆ ಅಂತ ಬರೆದಿದ್ದೆಯಲ್ಲ, ಆ ಹೆಬ್ಬೆರಳಿಗೆ ಔಷಧಿ ಹಚ್ಚು.

ನಿನ್ನ ಅಮ್ಮ,
ಎಫುವಾ ಕ್ವಾನ್ಸಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಸೋಮವಾರ ಥಟ್ಟನೆ ಹೊಳೆಯಿತು ಅಂದದ್ದು ಸುಳ್ಳು. ಮೂರು ವಾರ ಮೊದಲು ನೀನು ಫೋನಿನಲ್ಲಿ ತಾರೀಖು ಹೇಳಿದಾಗಲೇ ಬೆರಳು ಎಣಿಸಿ ಮಂಗಳವಾರ ಎಂದು ತಿಳಿದುಕೊಂಡಿದ್ದೆ. ತಿಳಿದೂ ಬಾಯಿ ಮುಚ್ಚಿಕೊಂಡೆ. ಕೆಡಲಿ, ಓದು ನಿಲ್ಲಲಿ, ಮನೆಗೆ ಬಂದು ನನ್ನ ಪಕ್ಕ ಕೂರುತ್ತಾಳೆ ಅಂದುಕೊಂಡೆ. ನೀನು ಒಲೆ ಹೊತ್ತು ಬಂದ ಭಾನುವಾರ, ನೀನು ಸ್ನಾನಕ್ಕೆ ಹೋದಾಗ, ನಾನು ನಿನ್ನ ಗಂಟು ಬಿಚ್ಚಿದೆ. ಮೊದಲನೆಯ ಹಾಳೆಯಲ್ಲೇ ನಾನಿದ್ದೆ, ಮೊಣಕೈಯಿಂದ ಕಣ್ಣೊರೆಸಿಕೊಳ್ಳುತ್ತಾ. ನನ್ನನ್ನು ಯಾರಾದರೂ ಅಷ್ಟು ಹೊತ್ತು ನೋಡಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ, ಬೆಳಗಾದದ್ದೇ ಮೀನು ಕೇಳಲು ಹೊರಟೆ. ಬೈಯುವುದಿದ್ದರೆ ಊರಿಗೆ ಬಂದು ಎದುರಿಗೇ ಬೈ. ಬೈದು ಮುಗಿಸಿ ನಿನಗೆ ಎಲ್ಲಿ ಕೆಲಸ ಸಿಗುತ್ತದೋ ಅಲ್ಲಿಗೆ ಹೊರಡು. ಬಸ್ಸಿನವರೆಗೆ ನಿನ್ನ ಪೆಟ್ಟಿಗೆ ನಾನೇ ಹೊರುತ್ತೇನೆ.