ನಾಯೆಲಿಯ ಎಡಗೈ

ಜನವರಿ 14, ಮಂಗಳವಾರ
ನಾಲ್ಕೂವರೆಗೆ ಎದ್ದೆ. ಆಲೂಗಡ್ಡೆ ಸೂಪು ಬಿಸಿ ಮಾಡಿದೆ. ಮಗಳು ನಾಯೆಲಿಯೂ ಎದ್ದಳು. ಚಮಚ ಎಡಗೈಲಿ ಹಿಡಿದಳು, ಅರ್ಧಕ್ಕೆ ಬಲಗೈಗೆ, ಮತ್ತೆ ಎಡಗೈಗೆ. ಐದು ವರ್ಷ. ಬರೋದು ಒಂಬತ್ತು ಮಾತು. ಇವತ್ತು ಒಂದು ಕೇಳಿಸಿತು — "ನೀರು".
ಅತ್ತೆ ಎರ್ಮೆಲಿಂಡಾ ಒಲೆ ಮುಂದಿಂದಲೇ, "ಒಂದು ಕೈ ಅಂತ ಇರ್ಬೇಕಮ್ಮ. ಇವಳದ್ದು ಅಂಗಡಿ ತಕ್ಕಡಿ ಇದ್ದಂಗೆ" ಅಂದರು.
ನಗು ಬಂತು. ಗುಲಾಬಿ ಫಾರ್ಮಿನ ಬಸ್ಸಿಗೆ ಓಡಿದೆ.

ಜನವರಿ 17, ಶುಕ್ರವಾರ
ರಾಜಧಾನಿ ಕೀಟೋಗೆ ಹೋಗಿಬಂದೆವು. ನಾನು, ಗಂಡ ಸೆಗುಂಡೊ, ಮಗು. ಡಾಕ್ಟರಮ್ಮ ಎರಡು ಗಂಟೆ ನೋಡಿದರು. ಚೆಂಡು ಕೊಟ್ಟರು, ಪೆನ್ಸಿಲ್ ಕೊಟ್ಟರು, ಯಾವ ಕೈ ಮುಂದೆ ಬರುತ್ತೆ ಅಂತ ಬರೆದುಕೊಂಡರು. ಆಮೇಲೆ ಹೇಳಿದರು. ಆಟಿಸಂ.
"ಕೈ ಯಾಕೆ ನೋಡಿದ್ರಿ?" ಸೆಗುಂಡೊ ಕೇಳಿದ.
"ಇಂಥ ಮಕ್ಕಳಲ್ಲಿ ಎಡಗೈಯವರು, ಕೈ ಬದಲಾಯಿಸೋರು ಸ್ವಲ್ಪ ಜಾಸ್ತಿ. ಆದ್ರೆ ಕೈಯಿಂದ ಇದು ಬಂದಿದ್ದಲ್ಲ. ಕೈ ತಿದ್ದಿದ್ರೆ ಹೋಗೋದೂ ಇಲ್ಲ. ಅವಳ ಪಾಡಿಗೆ ಬಿಟ್ಬಿಡಿ."


ಜನವರಿ 18
ಅತ್ತೆಗೆ ಎಲ್ಲ ಹೇಳಿದೆ. ಅವರಿಗೆ ಕೇಳಿಸಿದ್ದು ಎಡಗೈ ಅಷ್ಟೇ.
"ನಿನ್ನ ಗಂಡಂದೂ ಎಡಗೈನೇ. ಚಿಕ್ಕವನಿದ್ದಾಗ ಮೂರು ತಿಂಗಳು ಆ ಕೈಗೆ ಬಟ್ಟೆ ಕಟ್ಟಿಟ್ಟೆ. ಈಗ ಲಾರಿ ಓಡಿಸ್ತಾ ಇಲ್ವಾ?"
"ಅತ್ತೆ, ಇದು ಬೇರೆ."
"ನಿಮಗೆ ಎಲ್ಲಾ ಬೇರೆನೇ."
ಸೆಗುಂಡೊ ಶೂ ಒರೆಸುತ್ತಿದ್ದ. "ಅಮ್ಮ ಹೇಳೋದ್ರಲ್ಲಿ ತಪ್ಪೇನು..." ಅಂದ. ನನ್ನ ಮುಖ ನೋಡಿ ನಿಲ್ಲಿಸಿದ.

ಫೆಬ್ರವರಿ 2, ಭಾನುವಾರ
ಎರಡು ವಾರ ಬರೆದಿಲ್ಲ. ಪ್ರೇಮಿಗಳ ದಿನದ ಆರ್ಡರು. ದಿನಕ್ಕೆ ಹದಿನಾಲ್ಕು ಗಂಟೆ ಹೂವು ಕಟ್ಟೋದು. ಬರೋಷ್ಟರಲ್ಲಿ ಮಗು ಮಲಗಿರುತ್ತೆ. ಸೆಗುಂಡೊ ಕರಾವಳಿ ಕಡೆ ಲೋಡಿಗೆ ಹೋಗಿದ್ದಾನೆ.
ಇವತ್ತು ಮಧ್ಯಾಹ್ನವೇ ಬಿಟ್ಟರು. ನಾಯೆಲಿ ಅಂಗಳದಲ್ಲಿದ್ದಳು. ಸ್ವೆಟರಿನ ಎಡತೋಳಿನ ಬಾಯಿ ಹೊಲಿದುಬಿಟ್ಟಿದ್ದರು. ಕೈ ಒಳಗೇ. ದಾರ ಕತ್ತರಿಸಿದೆ. ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು. ಅವಳದೇ ಹಲ್ಲು.
"ಎಷ್ಟು ದಿನದಿಂದ?"
"ನೀನು ಇದ್ಯಾ ಇಲ್ಲಿ?" ಅಂದರು ಅತ್ತೆ. ಆಮೇಲೆ ಶಾಲು ಬಾಯಿಗೆ ಒತ್ತಿಕೊಂಡು ಅತ್ತರು. "ಒಂದ್ಸಲ ಅಜ್ಜಿ ಅಂದಿದ್ರೆ ಸಾಕಿತ್ತು ಕಣೇ. ಕೈ ಸರಿಹೋದ್ರೆ ಮಾತು ಬರುತ್ತೇನೋ ಅಂತ..."
ಬೈಯೋದು ಬಿಟ್ಟು ಮಗುವನ್ನ ಒಳಗೆ ಕರ್ಕೊಂಡು ಹೋದೆ.
ಸಂಜೆವರೆಗೂ ಮಗುವನ್ನ ಮಾತಾಡಿಸಿದೆ. ಆ ಒಂಬತ್ತು ಮಾತಲ್ಲಿ ಒಂದೂ ಬರಲಿಲ್ಲ.

ಫೆಬ್ರವರಿ 3
ಸೂಪರ್‌ವೈಸರ್ ಹತ್ತಿರ ರಜೆ ಕೇಳಿದೆ. "ಈ ವಾರ ಹೋದ್ರೆ ವಾಪಸ್ ಬರಬೇಡ." ಮಗುನ ನೋಡ್ಕೋತೀಯಾ ಅಂತ ಪಕ್ಕದ ಮನೆ ಗ್ಲಾಡಿಸ್‌ನ ಕೇಳಿದೆ. "ಅವಳು ಕಿರುಚಿದ್ರೆ ನಂಗೆ ಕೈಕಾಲು ಆಡಲ್ಲ, ಅಕ್ಕ" ಅಂದಳು. ಬೇರೆ ಯಾರಿದ್ದಾರೆ?
ಇದನ್ನೂ ಬರೀಬೇಕು. ಸಂಜೆ ನಾಯೆಲಿ ಪೆನ್ಸಿಲ್ ಎಡಗೈಲಿ ತಗೊಂಡಳು. ಅದನ್ನ ತೆಗೆದು ಬಲಗೈಲಿ ಇಟ್ಟೆ. ನಾನೇ. ಯಾಕೋ ಗೊತ್ತಿಲ್ಲ... ಗೊತ್ತು.

ಫೆಬ್ರವರಿ 4, ಬೆಳಿಗ್ಗೆ 5:20
ಅತ್ತೆ ಆಣೆ ಮಾಡಿದ್ದಾರೆ, ಇನ್ನು ಹೊಲಿಯಲ್ಲ, ಕಟ್ಟಲ್ಲ ಅಂತ. ನಂಬದೆ ಏನು ಮಾಡಲಿ.
ಬಾಗಿಲ ಹತ್ತಿರ ಕೂತು ಬರೀತಿದ್ದೀನಿ. ನಾಯೆಲಿ ಎದ್ದು ಬಂದು ನಿಂತಿದ್ದಾಳೆ. ಈಗಷ್ಟೇ ಕೈ ಚಾಚಿದೆ. ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಎಡದ್ದೂ, ಬಲದ್ದೂ. ಮತ್ತೆ ಚಾಚಿದೆ. ಒಂದು ಹೆಜ್ಜೆ ಹಿಂದೆ ಸರಿದಳು.
ಬಸ್ಸು ಬಂತು. ಇನ್ನೊಂದ್ಸಲ ಕರೀತೀನಿ. ಬರದೇ ಹೋದ್ರೆ ಇವತ್ತು ಬಸ್ಸು ಹತ್ತಲ್ಲ.