ಹಿಮ್ಮಡಿಯ ಸುಣ್ಣ

ಪ್ರೀತಿಯ ಅಣ್ಣನಿಗೆ,

ಊರಿನ ಗುಡ್ಡದ ದಾರಿ ನಿನಗೆ ನೆನಪಿದೆಯೆ? ಹೈಸ್ಕೂಲು ಗುಡ್ಡದಾಚೆ; ಮನೆಯಲ್ಲಿದ್ದುದು ಒಂದೇ ಸೈಕಲ್ಲು. ನೆಲಕ್ಕೆ ಕಾಲೂರದೆ ಆ ಕಡಿದಾದ ದಾರಿಯನ್ನು ಹತ್ತಿದವರಿಗೆ ಸೈಕಲ್ಲು, ಸೋತವರಿಗೆ ನಡಿಗೆ ಎಂದು ಅಪ್ಪ ವಿಧಿಸಿದರು. ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ನಮ್ಮಿಬ್ಬರ ಬರಿಗಾಲ ಹಿಮ್ಮಡಿಗಳಿಗೂ ಬಳಿದು, ತಾವು ಮೇಲೆ ಹೋಗಿ ನಿಂತರು. ಕಾಲೂರಿದರೆ ಸುಣ್ಣವೇ ಹೇಳುತ್ತದೆ ಎಂಬುದು ಅವರ ನಂಬಿಕೆ.

ಮೊದಲ ಸರದಿ ನನ್ನದು. ಅಡ್ಡದಂಡದ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದ ನಾನು ತಿರುವಿನಲ್ಲಿ ವಾಲಿದೆ, ಎಡಗಾಲು ಮಣ್ಣಿಗೂರಿ ಹಿಮ್ಮಡಿಯ ಸುಣ್ಣ ಅಳಿಯಿತು. ಅಪ್ಪನಿಗೆ ಕಾಣದ ಜಾಗ ಅದು. ನಿನ್ನ ಸರದಿಯ ಸುಣ್ಣ ಅಳಿಯದಿರಲೆಂದು ತುದಿಗಾಲಲ್ಲಿ ಹಿಂದೆ ಬರುತ್ತಿದ್ದವನು ನೀನು. ನಿನ್ನ ಹಿಮ್ಮಡಿಯಿಂದಲೇ ಸುಣ್ಣವನ್ನು ಕೆರೆದು ನನಗೆ ಬಳಿದೆ. “ಅಳ್ಬೇಡ, ಬಾಯ್ಮುಚ್ಕಂಡು ಹತ್ತು” ಎಂದೆ. ಮೇಲೆ ಅಪ್ಪ ನಿನ್ನ ಬರಿ ಹಿಮ್ಮಡಿಯನ್ನು ನೋಡಿ, “ಸರದಿ ಬರೋತನಕ ಕಾಯಕ್ಕಾಗಲ್ವೇನೋ ನಿಂಗೆ? ನಡ್ಕಂಡೇ ಹೋಗು” ಎಂದರು. ಮೂರು ವರ್ಷ ನಡೆದೆ. ನಾನು ನಿನ್ನ ಪಕ್ಕದಲ್ಲೇ ಗಂಟೆ ಬಾರಿಸುತ್ತ...

ಟೀಚರಾದ ಮೇಲೆ, ತರಗತಿಯಲ್ಲಿ ನಕಲು ಮಾಡಿದ ಮಕ್ಕಳನ್ನು ಎದ್ದು ನಿಲ್ಲಿಸಿದಾಗಲೆಲ್ಲ ನನ್ನ ಎಡ ಹಿಮ್ಮಡಿ ತುರಿಸುತ್ತಿತ್ತೆಂದರೆ ನಗುವೆಯೇನು? ಸತ್ಯದ ಮೇಲೆ ಎಷ್ಟು ಭಾಷಣ ಮಾಡಿದೆ. ನಿನ್ನೆದುರು ಮಾತ್ರ ಆ ದಿನದ ಮಾತನ್ನು ಎತ್ತಲೇ ಇಲ್ಲ. ನೀನು ಹೋದಂದಿನಿಂದ ಕುಳಿತಲ್ಲಿ ಕುಳಿತಿರಲಾರೆ. ಮತ್ತೊಮ್ಮೆ ಹತ್ತಿನೋಡೋಣವೆಂದರೆ, ನಾನಿರುವ ಈ ಕೋಲ್ಕತ್ತದಲ್ಲಿ ಗುಡ್ಡವನ್ನು ಎಲ್ಲಿ ಹುಡುಕಲಿ?

ಇಂದು ಬೆಳಿಗ್ಗೆ ಹುಡುಕಿದೆ. ದಕ್ಷಿಣೇಶ್ವರದಾಚೆ, ನದಿಯ ದಡದಿಂದ ಮೇಲೇರುವ ಒಂದು ಓಣಿ. ಸೈಕಲ್ಲು ನಮ್ಮ ಮಹಡಿಯ ಬಾಡಿಗೆಯ ಹುಡುಗಿ ಶ್ವೇತಳದು. ಬೆಂಗಳೂರಿನವಳು, ಇಲ್ಲಿ ಕಂಪ್ಯೂಟರ್ ಕಂಪನಿಯಲ್ಲಿದ್ದಾಳೆ. ಕಾಲೂರದೆ ಹತ್ತಬೇಕು ಎಂದಷ್ಟೇ ಹೇಳಿ ಅವಳನ್ನೂ ಕರೆದೊಯ್ದೆ. ಪಾನ್ ಅಂಗಡಿಯಲ್ಲಿ ಸುಣ್ಣ ಕೇಳಿ ಅಲ್ಲೇ ಹಿಮ್ಮಡಿಗಳಿಗೆ ಬಳಿದುಕೊಂಡೆ. “ಪಾಯೇ ಚುನ್, ದಿದಿಮೋನಿ?” ಕಾಲಿಗೆ ಸುಣ್ಣವೇ ಟೀಚರಮ್ಮ ಎಂದು ಅಂಗಡಿಯವನು ಬಾಯಿ ತೆರೆದು ನೋಡಿದ. ನೋಡಲಿ.

ಮುಕ್ಕಾಲು ಏರಿದೆ, ಅಣ್ಣ. ಆಮೇಲೆ ಮೊಣಕಾಲು ಕೈಕೊಟ್ಟಿತು. ಅದೇ ಎಡಗಾಲು ಕೆಳಗೂರಿತು. ಹಿಂದಿನಿಂದ ಬಂದ ಶ್ವೇತ, “ಆಂಟಿ, ಸ್ವಲ್ಪ ಟಚ್ ಆಯ್ತು ಅಷ್ಟೇ. ನಾನೇನೂ ನೋಡ್ಲಿಲ್ಲ ಬಿಡಿ” ಎಂದಳು. ನಿನ್ನದೇ ಮನಸ್ಸು, ಬೇರೆ ಬಾಯಿ.

“ನೋಡಿದ್ದೀಯ. ನಾನು ಕಾಲೂರಿದೆ” ಎಂದೆ.

“ಅಯ್ಯೋ, ಇಷ್ಟಕ್ಕೆಲ್ಲ ಅಳ್ತಾರಾ ಆಂಟಿ?”

ನಾನು ಐವತ್ತು ವರ್ಷ ತಡವಾಗಿ ಹೇಳಿದ ವಾಕ್ಯವದು ಎಂದು ಅವಳಿಗೆ ಹೇಗೆ ತಿಳಿದೀತು?

ನಿನ್ನ ವರ್ಷಾಬ್ದಿಕಕ್ಕೆ ಊರಿಗೆ ಬರುತ್ತೇನೆ. “ನಮ್ಮಪ್ಪಂಗೆ ತಾಳ್ಮೆ ಇರಲಿಲ್ಲ ಅತ್ತೆ, ಅದಕ್ಕೇ ಸೈಕಲ್ ತಪ್ತು” ಎಂದು ನಿನ್ನ ಮಗಳು ಈಗಲೂ ನಗುತ್ತಾಳೆ. ಅವಳನ್ನು ಆ ತಿರುವಿಗೆ ಕರೆದೊಯ್ದು ನಡೆದುದನ್ನೆಲ್ಲ ಹೇಳುತ್ತೇನೆ. ನೀನು ಹತ್ತುತ್ತಿದ್ದೆಯೋ ಇಲ್ಲವೋ, ಅದು ಮಾತ್ರ ಯಾರಿಗೂ ತಿಳಿಯದೆ ಹೋಯಿತಲ್ಲ...

ಕಾಲು ಇನ್ನೂ ತೊಳೆದಿಲ್ಲ. ಬಲ ಹಿಮ್ಮಡಿಯಲ್ಲಿ ಸುಣ್ಣವಿದೆ. ಎಡದ್ದು ಬರಿದು. ಈ ಸಲ ಅದು ಹಾಗೆಯೇ ಇರಲಿ.

ನಿನ್ನ ತಂಗಿ