ಸಫ್ತಜ್ಜಿಯ ಕೊಟ್ಟಿಗೆ ಬಾಗಿಲು

ಪ್ರೀತಿಯ ಇಲಿಂಕಾ,

ಸಫ್ತಜ್ಜಿಯ ಕೊಟ್ಟಿಗೆಯ ಫೋಟೋವನ್ನು ಕಂಪ್ಯೂಟರಿನಲ್ಲಿ ತಿದ್ದುವಾಗ ನೀನು ಮೂಡಿಸಿದ ಸಂಜೆಬೆಳಕು ನನಗೆ ಬಹಳ ಹಿಡಿಸಿತು. ಮರದ ವ್ಯಾಪಾರಿಗಳು ಕೊಟ್ಟಿಗೆಯನ್ನು ಬಿಚ್ಚಿ ಒಯ್ದ ಮೇಲೆ ಅಜ್ಜಿಗೆ ಉಳಿದಿರುವುದು ಈ ಚಿತ್ರವೊಂದೇ. ಆದರೂ ಅವರು, "ಯಾರ ಕೊಟ್ಟಿಗೆ ತಂದಿದ್ದೀರಿ ಮೇಷ್ಟ್ರೇ? ಬಾಗಿಲಲ್ಲಿ ಶಿಲುಬೆನೇ ಇಲ್ಲ. ದೆವ್ವಗಳನ್ನ ಊಟಕ್ಕೆ ಕರೆದಂಗಿದೆ" ಎಂದು ಅದನ್ನು ಹಿಂದಿರುಗಿಸಿದರು.

ನೀನು ಬಾಗಿಲ ಮೇಲಿನ ಕೊಳೆಯೆಂದು ಅಳಿಸಿದ್ದು, ದೆವ್ವಗಳು ತಿರುಗುತ್ತವೆಂದು ನಂಬುವ ಸಂತ ಅಂದ್ರೇಯನ ಹಬ್ಬದ ಮುನ್ನಾದಿನ ಹಸುಗಳ ಕಾವಲಿಗೆಂದು ಅಜ್ಜಿಯ ಅತ್ತೆ, ಆಮೇಲೆ ಅಜ್ಜಿ, ವರ್ಷವರ್ಷವೂ ಬೆಳ್ಳುಳ್ಳಿ ತಿಕ್ಕಿ ಎಳೆದ ಶಿಲುಬೆಯ ಕಲೆ.

ಬೆಳಕು ಹಾಗೆಯೇ ಇರಲಿ. ಮೂಲಚಿತ್ರದಿಂದ ಆ ಕಲೆಯನ್ನಷ್ಟೇ ಮರಳಿ ತಂದು, ದಯವಿಟ್ಟು ನೀನೇ ಒಯ್ದು ಕೊಡು. ಅಜ್ಜಿಗೆ ಸಿಟ್ಟಿಲ್ಲ. "ಅಳಿಸಿದವಳನ್ನೇ ಕಳಿಸಿ, ಬೆಳ್ಳುಳ್ಳಿ ಸುಲಿದಿಟ್ಟಿರ್ತೀನಿ. ಈ ಸಲ ಮನೆ ಬಾಗಿಲಿಗೆ ಶಿಲುಬೆ ಅವಳೇ ಎಳೀಲಿ" ಎಂದಿದ್ದಾರೆ.

ನಿನ್ನ ಏಳಿಗೆಯಲ್ಲಿ ನಂಬಿಕೆಯಿಟ್ಟಿರುವ,
ಗವ್ರಿಲ್